ಬಾಳೆಕಂಬ ನಡುವಿಗೆ ಮುರಿದಂತೆ ಕಂಡರೆ: ಸ್ಕ್ರೀನ್ ಟೇರಿಂಗ್ ಸರಿಮಾಡುವ ಬಗೆ

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಬಾಳೆಕಂಬಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಮಂಟಪದ ಎರಡೂ ಕಡೆ ನೆಟ್ಟಗೆ ನಿಂತಿರುತ್ತದೆ. ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗಿದಾಗ ಅದೂ ನೆಟ್ಟಗೇ ಸರಿದು ಹೋಗಬೇಕು. ಒಂದು ದಿನ ನನ್ನ ಮಾನಿಟರ್‌ನಲ್ಲಿ ಅದು ಸೊಂಟದ ಹತ್ತಿರ ಕಡಿದಂತೆ ಕಂಡಿತು. ಮೇಲಿನ ತುಂಡು ಹಿಂದೆ, ಕೆಳಗಿನ ತುಂಡು ಒಂದು ಬೆರಳು ಮುಂದೆ. ಕ್ಯಾಮೆರಾ ನಿಂತ ಕೂಡಲೇ ಎರಡೂ ಕೂಡಿಕೊಂಡವು. ಮತ್ತೆ ತಿರುಗಿದರೆ ಮತ್ತೆ ಕಡಿತ. ಪರದೆಯ ಚಿತ್ರ ಹೀಗೆ ಅಡ್ಡಲಾಗಿ ಹರಿದಂತೆ ಕಾಣುವುದಕ್ಕೇ ಸ್ಕ್ರೀನ್ ಟೇರಿಂಗ್ ಅನ್ನುತ್ತಾರೆ.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಿಂದಲೇ ಎಡಿಟಿಂಗ್ ಮಾಡುತ್ತೇನೆ. ನಮ್ಮ ಯಜಮಾನರು ಶೂಟ್ ಮಾಡಿ ತರುತ್ತಾರೆ, ನಾನು ಕೂತು ಕತ್ತರಿಸಿ ಜೋಡಿಸುತ್ತೇನೆ. ಈ ತೊಂದರೆ ಶುರುವಾಗುವ ಹಿಂದಿನ ದಿನ ಅಂಗಡಿಯವರೊಬ್ಬರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಕೊಟ್ಟಿದ್ದರು. ಫೋನ್ ಮಾಡಿ ಕೇಳಿದರೆ, "ಮಾನಿಟರ್ ಹೋಗೈತಿ ಅಕ್ಕಾರೆ, ಬೇರೆ ತಗೊಳ್ರಿ" ಅಂದರು. 9,000 ರೂಪಾಯಿ ಕೊಟ್ಟು ಹೊಸದು ತಂದೆವು. ಹೊಸ ಮಾನಿಟರ್‌ನಲ್ಲೂ ಬಾಳೆಕಂಬ ಹಾಗೇ ಮುರಿದಿತ್ತು.

ಹಳೆಯ ಮಾನಿಟರ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಈಗ ಅದೇ ನನ್ನ ಎರಡನೇ ಮಾನಿಟರ್, ಇವತ್ತಿಗೂ ಚೆನ್ನಾಗಿದೆ. ಸಣ್ಣ ಸ್ಟುಡಿಯೋ ನಡೆಸುವವರಿಗೆ 9,000 ಅಂದರೆ ಸಣ್ಣ ಮೊತ್ತವಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟೇರಿಂಗ್ ಬಹುಪಾಲು ಸೆಟ್ಟಿಂಗ್‌ನ ತೊಂದರೆ. ಮಾನಿಟರ್, ಕೇಬಲ್, ಕಾರ್ಡ್ ಯಾವುದನ್ನೂ ಬದಲಿಸದೆ ಸರಿಹೋಗುತ್ತದೆ. ಆದರೆ ಮೊದಲು ಅದು ನಿಜವಾಗಿ ಟೇರಿಂಗ್ ಹೌದೋ ಅಲ್ಲವೋ ಗೊತ್ತಾಗಬೇಕು.

ಹರಿಯುವುದು ಯಾಕೆ

ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಾವು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವು ಅಲ್ವಾ? ನೀವು ಅರ್ಧ ಪುಟ ಬರೆದಿದ್ದೀರಿ. ಅಷ್ಟರಲ್ಲಿ ಮೇಷ್ಟ್ರು ಬೋರ್ಡ್ ಒರೆಸಿ ಮುಂದಿನ ಪಾಠ ಬರೆದುಬಿಟ್ಟರು. ನೀವು ತಲೆ ಎತ್ತಿ, ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸಿದಿರಿ. ಈಗ ಪುಟದ ಮೇಲರ್ಧದಲ್ಲಿ ಹಳೆಯ ಪಾಠ, ಕೆಳಗಿನ ಅರ್ಧದಲ್ಲಿ ಹೊಸ ಪಾಠ. ಟೇರಿಂಗ್ ಅಂದರೆ ಇದೇ.

ಮೇಷ್ಟ್ರು ಅಂದರೆ ಕಂಪ್ಯೂಟರ್ ಒಳಗೆ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡ್. ಬರೆದುಕೊಳ್ಳುವ ಹುಡುಗಿ ಅಂದರೆ ಮಾನಿಟರ್. ಮಾನಿಟರ್ ಚಿತ್ರವನ್ನು ಒಂದೇ ಸಲಕ್ಕೆ ತೋರಿಸುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಕೆಳಗಿನ ಸಾಲಿನವರೆಗೆ ಒಂದೊಂದೇ ಸಾಲು ಬರೆಯುತ್ತಾ ಬರುತ್ತದೆ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಸಲ ಹೀಗೆ ಬರೆಯುತ್ತದೆ. ಒಂದು ಸಲಕ್ಕೆ ಸುಮಾರು 16.7 ಮಿಲಿಸೆಕೆಂಡ್. ಅದು ನಡುವಿನಲ್ಲಿರುವಾಗ ಕಾರ್ಡ್ ಚಿತ್ರ ಬದಲಿಸಿದರೆ ಮೇಲೆ ಹಳೆಯ ಚಿತ್ರ, ಕೆಳಗೆ ಹೊಸ ಚಿತ್ರ. ಎರಡು ಸೇರುವ ಜಾಗದಲ್ಲಿ ಅಡ್ಡಗೆರೆ.

ಒಂದು ಪುಟ ಮುಗಿದು ಮುಂದಿನದು ಶುರುವಾಗುವ ಮುನ್ನ ಮಾನಿಟರ್‌ಗೆ ಒಂದು ಸಣ್ಣ ಬಿಡುವು ಇರುತ್ತದೆ. ಕಾರ್ಡ್ ಆ ಬಿಡುವಿಗೆ ಕಾದು, ಆಗ ಮಾತ್ರ ಚಿತ್ರ ಬದಲಿಸಿದರೆ ಟೇರಿಂಗ್ ಬರುವುದೇ ಇಲ್ಲ. ಹೀಗೆ ಕಾಯುವುದಕ್ಕೆ ವಿ-ಸಿಂಕ್ ಅನ್ನುತ್ತಾರೆ. ಈ ಬರಹದಲ್ಲಿ ಮುಂದೆ ಬರುವ ಬಹುಪಾಲು ಉಪಾಯಗಳು, ಈ ಕಾಯುವಿಕೆ ಎಲ್ಲಿ ತಪ್ಪಿದೆ ಅಂತ ಹುಡುಕಿ ಮತ್ತೆ ಆನ್ ಮಾಡುವ ಉಪಾಯಗಳೇ.

ಬಿಳಿ ಕಂಬದ ಪರೀಕ್ಷೆ

ಮದುವೆ ಫುಟೇಜ್ ನೋಡಿ ತೀರ್ಮಾನ ಮಾಡಬೇಡಿ. ಅದರಲ್ಲಿ ಕ್ಯಾಮೆರಾದ ತಪ್ಪು, ಲೈಟಿನ ತಪ್ಪು, ಕೈ ನಡುಕ ಎಲ್ಲ ಸೇರಿರುತ್ತದೆ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಒಂದು ಕ್ಲಿಪ್ ಮಾಡಿಕೊಳ್ಳಿ. ಫುಲ್ ಎಚ್‌ಡಿ, ಸೆಕೆಂಡಿಗೆ 60 ಫ್ರೇಮ್ (ಅಂದರೆ 60 ಚಿತ್ರ) ಟೈಮ್‌ಲೈನ್. ಹಿಂದೆ ಪೂರ್ತಿ ಕಪ್ಪು. ಅದರ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದು ಬಿಳಿ ಪಟ್ಟಿ. ಆ ಪಟ್ಟಿ ಒಂದು ಸೆಕೆಂಡಿನಲ್ಲಿ ಎಡತುದಿಯಿಂದ ಬಲತುದಿಗೆ ಹೋಗಲಿ. ಪರದೆಯ ಅಗಲ 1920 ಪಿಕ್ಸೆಲ್, ಹಾಗಾಗಿ ಒಂದೊಂದು ಫ್ರೇಮಿಗೆ 32 ಪಿಕ್ಸೆಲ್ ಸರಿಯುತ್ತದೆ. ಅಷ್ಟು ದೂರ ಮುರಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಇದನ್ನೇ ಮೂವತ್ತು ಸಲ ಕಾಪಿ ಮಾಡಿ ಅರ್ಧ ನಿಮಿಷದ ಫೈಲ್ ಮಾಡಿ. ನನ್ನ ಪೆನ್ ಡ್ರೈವ್‌ನಲ್ಲಿ ಇದು ಯಾವಾಗಲೂ ಇರುತ್ತದೆ.

ಇದನ್ನು ಫುಲ್ ಸ್ಕ್ರೀನ್‌ನಲ್ಲಿ ಹಾಕಿ ಸುಮ್ನೆ ನೋಡಿ. ಕಂಬ ಎರಡು ತುಂಡಾಗಿ, ಆ ಕಡಿತ ಮೇಲಕ್ಕೋ ಕೆಳಕ್ಕೋ ನಿಧಾನವಾಗಿ ತೆವಳುತ್ತಾ ಹೋದರೆ ಅದು ಟೇರಿಂಗ್. ಕಂಬ ಒಂದೇ ತುಂಡಾಗಿದ್ದು ನಡುನಡುವೆ ಜರ್ಕ್ ಹೊಡೆದರೆ ಅದು ಬೇರೆ ಕಾಯಿಲೆ.

ಸ್ಕ್ರೀನ್‌ಶಾಟ್ ತೆಗೆದು ಯಾರಿಗಾದರೂ ಕಳಿಸಬೇಕು ಅಂದುಕೊಂಡರೆ ಉಪಯೋಗವಿಲ್ಲ. ಟೇರಿಂಗ್ ಆಗುವುದು ಚಿತ್ರ ಮಾನಿಟರ್‌ಗೆ ಹೋಗುವ ದಾರಿಯಲ್ಲಿ. ಸ್ಕ್ರೀನ್‌ಶಾಟ್ ತೆಗೆಯುವುದು ಅದಕ್ಕೂ ಮೊದಲೇ. ಅಂದರೆ ಸ್ಕ್ರೀನ್‌ಶಾಟ್‌ನಲ್ಲೂ ಕಂಬ ಮುರಿದಿದ್ದರೆ ಮಾನಿಟರ್‌ಗೂ ಅದಕ್ಕೂ ಸಂಬಂಧವಿಲ್ಲ, ಫೈಲ್‌ನಲ್ಲೋ ಪ್ಲೇಯರ್‌ನಲ್ಲೋ ತಪ್ಪಿದೆ. ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆಯುವುದೂ ಬೇಡ. ಮಾನಿಟರ್ ಸಾಲುಸಾಲಾಗಿ ಬರೆಯುವುದನ್ನೇ ಅದು ಹಿಡಿದುಬಿಡುತ್ತದೆ. ಚೆನ್ನಾಗಿರುವ ಮಾನಿಟರ್ ಕೂಡ ಹರಿದಂತೆ ಕಾಣುತ್ತದೆ. ಈ ವಿಷಯದಲ್ಲಿ ನಿಮ್ಮ ಕಣ್ಣನ್ನೇ ನಂಬಿ.

ಇನ್ನೊಂದು ಪರೀಕ್ಷೆ ತುಂಬಾ ಸುಲಭ. ಎಕ್ಸ್‌ಪೋರ್ಟ್ ಮಾಡಿದ ವಿಡಿಯೋವನ್ನು ಪೆನ್ ಡ್ರೈವ್‌ಗೆ ಹಾಕಿ ಮನೆಯ ಟಿವಿಗೆ ಚುಚ್ಚಿ ನೋಡಿ. ಅಲ್ಲಿ ಬಾಳೆಕಂಬ ನೆಟ್ಟಗಿದ್ದರೆ ನಿಮ್ಮ ಕೆಲಸ ಸರಿಯಿದೆ, ಕಂಪ್ಯೂಟರ್ ತೋರಿಸುವ ರೀತಿ ಮಾತ್ರ ತಪ್ಪಿದೆ. ಪಾರ್ಟಿಯವರು "ವಿಡಿಯೋ ಕಟ್ ಕಟ್ ಆಗ್ತೈತಿ" ಅಂದಾಗ ನಾನು ಮೊದಲು ಮಾಡುವುದು ಇದನ್ನೇ.

ಟೇರಿಂಗ್ ಥರ ಕಾಣುವ ಬೇರೆ ತೊಂದರೆಗಳು

ಕಂಬ ಮುರಿಯದೆ ಒಂದು ಕಡೆಗೆ ವಾಲಿದರೆ ಅದು ಕ್ಯಾಮೆರಾದ ಗುಣ. ಚಿತ್ರದುರ್ಗದ ಕಡೆ ಪ್ರೀ ವೆಡ್ಡಿಂಗ್ ಶೂಟ್‌ಗೆ ಹೋದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೆಗೆಯದೆ ಯಾರೂ ವಾಪಸ್ ಬರುವುದಿಲ್ಲ. ಕ್ಯಾಮೆರಾ ಬೇಗ ತಿರುಗಿಸಿದರೆ ಆ ಎತ್ತರದ ಕಂಬಗಳು ಗಾಳಿಗೆ ಬಾಗಿದಂತೆ ಕಾಣುತ್ತವೆ. ಸೆನ್ಸರ್ ಕೂಡ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಹಾಗಾಗುತ್ತದೆ. ಅದು ಫುಟೇಜ್‌ನಲ್ಲೇ ಕೂತಿರುತ್ತದೆ, ಮಾನಿಟರ್ ಸೆಟ್ಟಿಂಗ್‌ನಿಂದ ಹೋಗುವುದಿಲ್ಲ. ನಿಧಾನವಾಗಿ ತಿರುಗಿಸುವುದೇ ಮದ್ದು.

ಅಲುಗಾಡುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಥರ ಸಣ್ಣ ಸಣ್ಣ ಗೆರೆ ಕಂಡರೆ ಅದು ಹಳೆಯ ಟೇಪಿನ ಇಂಟರ್‌ಲೇಸ್ ವಿಡಿಯೋ. ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ತಂದು ಪೆನ್ ಡ್ರೈವ್‌ಗೆ ಹಾಕಿಕೊಡಿ ಅನ್ನುವವರು ಈಗಲೂ ಬರುತ್ತಾರೆ. ಅಂಥ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ ಎರಡು ಅರ್ಧ ಚಿತ್ರಗಳ ಹೆಣಿಗೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ವಿಡಿಯೋ ಮೆನುವಿನ ಒಳಗೆ ಡಿಇಂಟರ್‌ಲೇಸ್ ಆನ್ ಮಾಡಿದರೆ ಗೆರೆ ಮಾಯ. ಎಡಿಟಿಂಗ್‌ನಲ್ಲಾದರೆ ಎಕ್ಸ್‌ಪೋರ್ಟ್‌ಗೆ ಮುಂಚೆ ಡಿಇಂಟರ್‌ಲೇಸ್ ಮಾಡಿ.

ಇನ್ನು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು 25 ಫ್ರೇಮ್. ನಮ್ಮ ಕಡೆ ಬಹಳ ಜನ ಮದುವೆಗಳನ್ನು 25 ಅಥವಾ 50 ಫ್ರೇಮ್‌ನಲ್ಲಿ ಶೂಟ್ ಮಾಡುತ್ತಾರೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್, ಛತ್ರದ ಲೈಟುಗಳು ಫ್ಲಿಕರ್ ಆಗಬಾರದು ಅಂದರೆ ಅದೇ ಸರಿ. ಆದರೆ ಮಾನಿಟರ್ 60 ಹರ್ಟ್ಸ್. 60ನ್ನು 25ರಿಂದ ಭಾಗಿಸಿದರೆ 2.4. ಒಂದು ಫ್ರೇಮನ್ನು 2.4 ಸಲ ತೋರಿಸಲು ಆಗುವುದಿಲ್ಲ. ಹಾಗಾಗಿ ಕೆಲವನ್ನು 2 ಸಲ, ಕೆಲವನ್ನು 3 ಸಲ ತೋರಿಸುತ್ತದೆ. ಐದು ಫ್ರೇಮಿಗೆ ಒಟ್ಟು ಹನ್ನೆರಡು ಸಲ. ಲೆಕ್ಕ ಸರಿಹೋಯಿತು, ಚಲನೆ ಸರಿಹೋಗಲಿಲ್ಲ. ಹೆಣ್ಣಿನ ಕಡೆಯವರು ಸಾಲಾಗಿ ನಡೆದು ಬರುವ ಶಾಟ್‌ನಲ್ಲಿ ಎಲ್ಲರೂ ತಡವರಿಸಿ ಹೆಜ್ಜೆ ಇಟ್ಟಂತೆ ಕಾಣುತ್ತದೆ.

ಇದಕ್ಕೆ ವಿ-ಸಿಂಕ್ ಏನೂ ಮಾಡುವುದಿಲ್ಲ. ಮಾನಿಟರ್ ವೇಗವನ್ನು 25ರ ಮಗ್ಗಿಗೆ ತರಬೇಕು. ನಿಮ್ಮ ಮಾನಿಟರ್‌ನ ಪಟ್ಟಿಯಲ್ಲಿ (ಅದು ಎಲ್ಲಿದೆ ಅಂತ ಮುಂದೆ ಹೇಳುತ್ತೇನೆ) 50 ಹರ್ಟ್ಸ್ ಇದ್ದರೆ ಅದನ್ನು ಆರಿಸಿ, ಒಂದು ಫ್ರೇಮಿಗೆ ಸರಿಯಾಗಿ 2 ಸಲ. 75 ಹರ್ಟ್ಸ್ ಇದ್ದರೆ ಇನ್ನೂ ಒಳ್ಳೆಯದು, ಸರಿಯಾಗಿ 3 ಸಲ. 100 ಇದ್ದರೆ 4 ಸಲ. ನನ್ನ ಹೊಸ ಮಾನಿಟರ್ 75 ಹರ್ಟ್ಸ್‌ನದ್ದು. ಅದನ್ನು 75ಕ್ಕೆ ಇಟ್ಟ ದಿನ ನಮ್ಮದೇ ಹಳೆಯ ಮದುವೆ ವಿಡಿಯೋಗಳನ್ನು ಮತ್ತೆ ಹಾಕಿಕೊಂಡು ನೋಡಿದೆ. ಅಷ್ಟು ನುಣುಪಾಗಿ ಅವನ್ನು ನಾನು ಯಾವತ್ತೂ ನೋಡಿರಲಿಲ್ಲ. 50 ಫ್ರೇಮ್ ವಿಡಿಯೋಗೆ 75 ಹೊಂದುವುದಿಲ್ಲ, ಅದಕ್ಕೆ 50 ಅಥವಾ 100 ಬೇಕು.

ಗೆರೆ ಯಾವಾಗಲೂ ಒಂದೇ ಜಾಗದಲ್ಲಿ, ಚಿತ್ರ ನಿಂತಿದ್ದರೂ ಕಂಡರೆ ಅದು ಪ್ಯಾನೆಲ್‌ನ ದೋಷ. ಚುಕ್ಕಿ ಚುಕ್ಕಿ ಮಿನುಗಿದರೆ, ಪರದೆ ಆಗಾಗ ಕಪ್ಪಾಗಿ ವಾಪಸ್ ಬಂದರೆ ಕೇಬಲ್ ನೋಡಿ. ಕೇಬಲ್‌ನಿಂದ ಟೇರಿಂಗ್ ಬರುವುದಿಲ್ಲ. ಹಾಗಾಗಿ ಟೇರಿಂಗ್‌ಗೆ ಅಂತ ದುಬಾರಿ ಎಚ್‌ಡಿಎಂಐ ಕೇಬಲ್ ಕೊಳ್ಳಬೇಡಿ.

ಎಲ್ಲಿಂದ ಶುರುಮಾಡಬೇಕು

ಡ್ರೈವರ್‌ನಿಂದ, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್‌ನಿಂದ. ನನ್ನ ತೊಂದರೆಯ ಬೇರು ಇದ್ದದ್ದು ಅಲ್ಲೇ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಅನ್ನುವುದನ್ನು ಬಿಚ್ಚಿ ನೋಡಿ. ಅಲ್ಲಿ ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್ ಹೆಸರಿನ ಜೊತೆ ನಿಮ್ಮ ಕಾರ್ಡ್‌ನ ನಂಬರ್ ಇರಬೇಕು. ನನ್ನದರಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಇತ್ತು. ಅಂದರೆ ವಿಂಡೋಸ್ ಹಾಕಿದವರು ಗ್ರಾಫಿಕ್ಸ್ ಡ್ರೈವರ್ ಹಾಕಿಯೇ ಇರಲಿಲ್ಲ. ಈ ಬೇಸಿಕ್ ಡ್ರೈವರ್ ಚಿತ್ರ ಮೂಡಿಸಲು ಸಾಕು, ಆದರೆ ಮಾನಿಟರ್‌ನ ಬಿಡುವಿಗೆ ಕಾಯುವುದು ಅದಕ್ಕೆ ಗೊತ್ತಿಲ್ಲ. ಕಾರ್ಡ್ ಎಷ್ಟೇ ಒಳ್ಳೆಯದಿದ್ದರೂ ವಿಡಿಯೋ ಹರಿಯುತ್ತದೆ.

ಕಾರ್ಡ್ ಕಂಪನಿಯ ಸೈಟ್‌ನಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಲ್ಯಾಪ್‌ಟಾಪ್ ಕಂಪನಿಯ ಸೈಟ್ ಮೊದಲು ನೋಡುವುದು ಕ್ಷೇಮ. ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿ ಬಿಳಿ ಕಂಬ ಹಾಕಿ ನೋಡಿ. ನನಗೆ ಇಷ್ಟರಲ್ಲೇ ಮುಕ್ಕಾಲು ಸರಿಹೋಯಿತು. ಹದಿನೈದು ನಿಮಿಷದ ಕೆಲಸ.

ಆಮೇಲೆ ಕಂಪ್ಯೂಟರ್‌ನ ಹಿಂಬದಿ ನೋಡಿ. ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ, ಅಡ್ಡಲಾಗಿ ಕೂತಿರುವ ಕಾರ್ಡಿನ ಮೇಲಿನ ಎಚ್‌ಡಿಎಂಐ ಗ್ರಾಫಿಕ್ಸ್ ಕಾರ್ಡಿನದು. ಮಾನಿಟರ್ ಕೇಬಲ್ ಕಾರ್ಡಿನಲ್ಲೇ ಇರಬೇಕು. ಕ್ಲೀನ್ ಮಾಡಿ ವಾಪಸ್ ಚುಚ್ಚುವಾಗ ಬದಲಾಗುವುದು ಬಹಳ ಸಾಮಾನ್ಯ. ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿಗೆ ಚುಚ್ಚಿದರೂ ಚಿತ್ರ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕಾರ್ಡಿನ ಕಂಟ್ರೋಲ್ ಪ್ಯಾನೆಲ್ ಸಾಫ್ಟ್‌ವೇರ್‌ನಲ್ಲಿ ಮಾನಿಟರ್‌ಗೆ ಸಂಬಂಧಿಸಿದ ಆಯ್ಕೆಗಳೇ ಕಾಣದಿದ್ದರೆ ಕಾರಣ ಇದೇ ಇರಬಹುದು.

ಮೂರನೆಯದು ರಿಫ್ರೆಶ್ ರೇಟ್, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರೆಯುತ್ತದೆ ಅನ್ನುವ ಲೆಕ್ಕ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ. 75 ಅಥವಾ 144 ಹರ್ಟ್ಸ್ ಮಾನಿಟರ್ ಕೊಂಡಿದ್ದರೂ ವಿಂಡೋಸ್ ಹಲವು ಸಲ ಅದನ್ನು 60ರಲ್ಲೇ ಇಟ್ಟಿರುತ್ತದೆ. ನೀವೇ ಹೋಗಿ ಬದಲಿಸಬೇಕು. 4ಕೆ ಟಿವಿಯನ್ನು ಮಾನಿಟರ್ ಮಾಡಿಕೊಂಡಿದ್ದರೆ ಇಲ್ಲಿ 30 ಇದೆಯೇ ನೋಡಿ. ಹಳೆಯ ಎಚ್‌ಡಿಎಂಐ 1.4 ದಾರಿಯಲ್ಲಿ 4ಕೆ ಹೋದರೆ 30ಕ್ಕಿಂತ ಮೇಲೆ ಏರುವುದಿಲ್ಲ. ಮೌಸ್ ಎಳೆದರೇ ಜಗ್ಗಿದಂತಾಗುತ್ತದೆ. ಫುಲ್ ಎಚ್‌ಡಿಗೆ ಇಳಿಸಿದರೆ 60 ಬರುತ್ತದೆ.

ಇಷ್ಟಾದ ಮೇಲೂ ಹರಿದರೆ, ಯಾವುದರಲ್ಲಿ ಹರಿಯುತ್ತದೆ ಅಂತ ನೋಡಿ. ವಿಂಡೋಸ್ 8ರಿಂದ ಈಚೆಗೆ ಡೆಸ್ಕ್‌ಟಾಪ್‌ನ ಕಿಟಕಿಗಳನ್ನೆಲ್ಲ ಸಿಸ್ಟಮ್ ತಾನೇ ಒಟ್ಟುಗೂಡಿಸಿ, ಮಾನಿಟರ್‌ನ ತಾಳಕ್ಕೆ ಹೊಂದಿಸಿ ಕಳಿಸುತ್ತದೆ. ಆ ವ್ಯವಸ್ಥೆಯನ್ನು ಆಫ್ ಮಾಡಲು ಬರುವುದಿಲ್ಲ. ಹಾಗಾಗಿ ಡ್ರೈವರ್ ಸರಿಯಿದ್ದರೆ ಕಿಟಕಿಯೊಳಗಿನ ವಿಡಿಯೋ ಹರಿಯುವುದು ಅಪರೂಪ. ವಿಂಡೋಸ್ 7ರಲ್ಲಿ ಮಾತ್ರ ಏರೋ ಥೀಮ್ ಆಫ್ ಆಗಿದ್ದರೆ ಎಲ್ಲ ಹರಿಯುತ್ತದೆ. ಆಲ್ಬಮ್ ಡಿಸೈನ್‌ಗೆ ಅಂತ ಹಳೆಯ ಮಷಿನ್ ಇಟ್ಟುಕೊಂಡವರು 'ಬೇಸಿಕ್' ಥೀಮ್ ಬಿಟ್ಟು ಏರೋಗೆ ಬನ್ನಿ. ಆ ಮಷಿನ್‌ಗೆ ಇಂಟರ್‌ನೆಟ್ ಮಾತ್ರ ಕೊಡಬೇಡಿ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ.

ವಿಎಲ್‌ಸಿಯಲ್ಲಿ ಮಾತ್ರ ಹರಿದರೆ ಟೂಲ್ಸ್, ಪ್ರಿಫರೆನ್ಸಸ್, ವಿಡಿಯೋ, ಔಟ್‌ಪುಟ್ ಅನ್ನುವಲ್ಲಿ ಡೈರೆಕ್ಟ್‌3ಡಿ 11 ಆರಿಸಿ, ವಿಎಲ್‌ಸಿ ಮುಚ್ಚಿ ಮತ್ತೆ ತೆಗೆಯಿರಿ. ಕ್ರೋಮ್‌ನಲ್ಲಿ ಮಾತ್ರ ಹರಿದರೆ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಇದೆ. ಆಫ್ ಆಗಿದ್ದರೆ ಆನ್ ಮಾಡಿ. ಆನ್ ಆಗಿದ್ದೂ ಹರಿದರೆ ಒಂದು ಸಲ ಆಫ್ ಮಾಡಿ ನೋಡಿ.

ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡನೇ ಮಾನಿಟರ್‌ಗೆ ಫುಲ್ ಸ್ಕ್ರೀನ್ ಕಳಿಸುವವರು ಕಿಟಕಿಯನ್ನು ಎಳೆದು ದೊಡ್ಡದು ಮಾಡುವ ಬದಲು ಪ್ರಿಫರೆನ್ಸಸ್‌ನ ಪ್ಲೇಬ್ಯಾಕ್‌ನಲ್ಲಿ ಮರ್ಕ್ಯುರಿ ಟ್ರಾನ್ಸ್‌ಮಿಟ್ ಆನ್ ಮಾಡಿ, ಆ ಮಾನಿಟರ್‌ಗೆ ಟಿಕ್ ಹಾಕಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೆಂಡರರ್ ಜಾಗದಲ್ಲಿ 'ಸಾಫ್ಟ್‌ವೇರ್ ಓನ್ಲಿ' ಇದ್ದರೆ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಆಕ್ಸಿಲರೇಶನ್‌ಗೆ ಬದಲಿಸಿ. ಟೈಮ್‌ಲೈನ್ ಪ್ಲೇ ಮಾಡಿದಾಗ ಮಾತ್ರ ಚಿತ್ರ ನಿಂತು ನಿಂತು ಹೋಗುತ್ತಿದ್ದರೆ ಅದು ಟೇರಿಂಗ್ ಅಲ್ಲ, ಕಂಪ್ಯೂಟರ್‌ಗೆ 4ಕೆ ಫುಟೇಜ್ ಭಾರವಾಗಿದೆ. ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು, ಮಾಡಿಕೊಳ್ಳಿ, ಅಥವಾ ಪ್ಲೇಬ್ಯಾಕ್ ರೆಸಲ್ಯೂಶನ್ ಅರ್ಧಕ್ಕೆ ಇಳಿಸಿ.

ಗೇಮ್ ಆಡುವವರಿಗೆ

ನನ್ನ ಅಕ್ಕನ ಮಗ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದು ನನ್ನ ಕಂಪ್ಯೂಟರ್‌ನಲ್ಲಿ ಗೇಮ್ ಆಡುತ್ತಾನೆ. ವಿಡಿಯೋದಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಲೆಕ್ಕವಿದೆ. ಗೇಮ್‌ನಲ್ಲಿ ಹಾಗಿಲ್ಲ. ಕಾರ್ಡ್ ಗೋಡೆ ನೋಡುವಾಗ 200 ಫ್ರೇಮ್ ಮಾಡುತ್ತದೆ, ಗುಂಪಿನಲ್ಲಿ ಹೊಡೆದಾಟವಾದಾಗ 45ಕ್ಕೆ ಇಳಿಯುತ್ತದೆ. ಅದಕ್ಕೇ ಗೇಮ್‌ನಲ್ಲಿ ಟೇರಿಂಗ್ ಜಾಸ್ತಿ.

ಮೊದಲು ಗೇಮ್‌ನ ಒಳಗಿನ ಸೆಟ್ಟಿಂಗ್‌ನಲ್ಲೇ ವಿ-ಸಿಂಕ್ ಆನ್ ಮಾಡಿ. ಅಲ್ಲಿ ಇಲ್ಲದಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾನೇಜ್ 3ಡಿ ಸೆಟ್ಟಿಂಗ್ಸ್ ಒಳಗೆ ವರ್ಟಿಕಲ್ ಸಿಂಕ್ ಇದೆ. ಎಎಂಡಿಯಲ್ಲಿ ಅದರ ಹೆಸರು 'ವೇಟ್ ಫಾರ್ ವರ್ಟಿಕಲ್ ರಿಫ್ರೆಶ್'. ಎಲ್ಲ ಸಾಫ್ಟ್‌ವೇರ್‌ಗೂ ಒಟ್ಟಿಗೆ ಆನ್ ಮಾಡುವ ಬದಲು ಆ ಒಂದು ಗೇಮ್‌ಗೆ ಮಾತ್ರ ಮಾಡಿ.

ಅವನು ಹೀಗೆ ಆನ್ ಮಾಡಿ ಎರಡೇ ನಿಮಿಷಕ್ಕೆ "ಚಿಕ್ಕಮ್ಮ, ಮೌಸ್ ಭಾರ ಆಯ್ತು" ಅಂದ. ಅವನ ಮಾತು ಸರಿ. ಕಾರ್ಡ್ ಕಾಯುತ್ತದೆ ಅಲ್ವಾ, ಹಾಗಾಗಿ ನಿಮ್ಮ ಕೈ ಚಲನೆ ಪರದೆಗೆ ಬರುವುದು ಸ್ವಲ್ಪ ತಡ. ಇನ್ನೊಂದು ತೊಂದರೆಯೂ ಇದೆ. 60 ಹರ್ಟ್ಸ್‌ನಲ್ಲಿ ಕಾರ್ಡ್ 16.7 ಮಿಲಿಸೆಕೆಂಡಿನೊಳಗೆ ಚಿತ್ರ ಮುಗಿಸದಿದ್ದರೆ ಮುಂದಿನ ಬಿಡುವಿನವರೆಗೆ ಕಾಯಲೇಬೇಕು. ಆಗ 55 ಬರಬೇಕಾದದ್ದು ಒಮ್ಮೆಲೇ 30ಕ್ಕೆ ಬೀಳಬಹುದು. ಟ್ರಿಪಲ್ ಬಫರಿಂಗ್ ಅನ್ನುವ ಆಯ್ಕೆ ಗೇಮ್‌ನಲ್ಲಿದ್ದರೆ ಆನ್ ಮಾಡಿ, ಈ ಬೀಳುವಿಕೆ ತಗ್ಗುತ್ತದೆ. ಎನ್‌ವಿಡಿಯಾದಲ್ಲಿ 'ಅಡಾಪ್ಟಿವ್' ಆರಿಸಿದರೆ ಫ್ರೇಮ್ ಸಾಕಷ್ಟಿರುವಾಗ ವಿ-ಸಿಂಕ್ ಇರುತ್ತದೆ, ಕಮ್ಮಿಯಾದಾಗ ತಾನೇ ಆಫ್ ಆಗುತ್ತದೆ. ಆ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಹರಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಸೆಕೆ ಗೊತ್ತಲ್ಲ. ಲ್ಯಾಪ್‌ಟಾಪ್ ಬಿಸಿಯಾದಾಗ ಕಾರ್ಡ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ನುಣುಪಾಗಿದ್ದದ್ದು ಮಧ್ಯಾಹ್ನ ಜರ್ಕ್ ಹೊಡೆದರೆ ಸೆಟ್ಟಿಂಗ್ ಬದಲಿಸುವ ಮುಂಚೆ ಫ್ಯಾನಿನ ಧೂಳು ತೆಗೆಸಿ.

ಕಾರ್ಡ್ ಮಾನಿಟರ್‌ಗೆ ಕಾಯುವ ಬದಲು ಮಾನಿಟರೇ ಕಾರ್ಡ್‌ಗೆ ಕಾದರೆ? ಮೇಷ್ಟ್ರು ಬರೆದು ಮುಗಿಸಿದ ಮೇಲೆಯೇ ಹುಡುಗಿ ಪುಟ ಶುರುಮಾಡಿದಂತೆ. ಎನ್‌ವಿಡಿಯಾ 2013ರಲ್ಲಿ ಹೇಳಿದ ಜಿ-ಸಿಂಕ್, ಆಮೇಲೆ ಎಎಂಡಿಯ ಫ್ರೀಸಿಂಕ್ ಎರಡೂ ಇದೇ. ಟೇರಿಂಗೂ ಇಲ್ಲ, ಕಾಯುವ ಭಾರವೂ ಬಹಳ ಕಮ್ಮಿ. ಈಗ ಸಾಮಾನ್ಯ ಬೆಲೆಯ ಮಾನಿಟರ್‌ಗಳಲ್ಲೂ ಫ್ರೀಸಿಂಕ್ ಇರುತ್ತದೆ. ಆದರೆ ಮಾನಿಟರ್‌ನ ಸ್ವಂತ ಮೆನುವಿನಲ್ಲಿ, ಅಂದರೆ ಅದರ ಕೆಳಗಿನ ಬಟನ್ ಒತ್ತಿ ಬರುವ ಮೆನುವಿನಲ್ಲಿ, ಅದನ್ನು ನೀವೇ ಆನ್ ಮಾಡಬೇಕಾಗಬಹುದು. ನನ್ನದು ಕೊಂಡ ಆರು ತಿಂಗಳು ಆಫ್ ಆಗಿಯೇ ಇತ್ತು. ಎನ್‌ವಿಡಿಯಾ ಕಾರ್ಡ್ ಇದ್ದರೂ ಹೆದರಬೇಕಿಲ್ಲ. 2019ರ ಜನವರಿಯಿಂದ ಈಚಿನ ಡ್ರೈವರ್‌ಗಳಲ್ಲಿ ಜಿಟಿಎಕ್ಸ್ 10ರ ಸಾಲಿನ ಮತ್ತು ಆಮೇಲಿನ ಕಾರ್ಡ್‌ಗಳಿಗೆ ಇಂಥ ಮಾನಿಟರ್ ಬಳಸಲು ಬರುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಸೆಟ್ ಅಪ್ ಜಿ-ಸಿಂಕ್' ತೆಗೆದು ಆನ್ ಮಾಡಿ.

ಮಾನಿಟರ್ ಕೊಳ್ಳುವಾಗ ಫ್ರೀಸಿಂಕ್ ಇದೆಯೇ ಅಂತ ಮಾತ್ರ ಕೇಳಬೇಡಿ, ಎಷ್ಟರಿಂದ ಎಷ್ಟರವರೆಗೆ ಅಂತಲೂ ಕೇಳಿ. 48ರಿಂದ 75 ಹರ್ಟ್ಸ್ ಅಂತ ಇದ್ದರೆ ಗೇಮ್ 48 ಫ್ರೇಮ್‌ಗಿಂತ ಕೆಳಗೆ ಇಳಿದ ಕೂಡಲೇ ಅದರ ಉಪಯೋಗ ನಿಲ್ಲುತ್ತದೆ. ಮೇಲಿನ ಸಂಖ್ಯೆಯೂ ದಾಟಬಾರದು. 144ರ ಮಾನಿಟರ್‌ಗೆ ಗೇಮ್‌ನ ಫ್ರೇಮ್ ಮಿತಿಯನ್ನು 141ಕ್ಕೆ, 75ರದ್ದಕ್ಕೆ 72ಕ್ಕೆ ಕಟ್ಟಿಹಾಕಿ. ಎನ್‌ವಿಡಿಯಾ ಪ್ಯಾನೆಲ್‌ನಲ್ಲಿ 'ಮ್ಯಾಕ್ಸ್ ಫ್ರೇಮ್ ರೇಟ್' ಅಂತ ಇದೆ.

ಲಿನಕ್ಸ್ ಬಳಸುವವರಿಗೆ ಎರಡು ಮಾತು. ಹಲವು ಲಿನಕ್ಸ್‌ಗಳಲ್ಲಿ ಲಾಗಿನ್ ಪರದೆಯಲ್ಲಿ ಹಲ್ಲುಚಕ್ರದ ಗುರುತು ಇರುತ್ತದೆ. ಅದರಲ್ಲಿ ಪರದೆಗೆ ಚಿತ್ರ ಕಳಿಸುವ ಹಳೆಯ ವ್ಯವಸ್ಥೆ ಎಕ್ಸ್11 ಬಿಟ್ಟು ಹೊಸದಾದ ವೇಲ್ಯಾಂಡ್ ಆರಿಸಿ, ಸಾಮಾನ್ಯವಾಗಿ ಅಷ್ಟಕ್ಕೇ ಟೇರಿಂಗ್ ಹೋಗುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದು ಎಕ್ಸ್11ರಲ್ಲೇ ಇರಬೇಕಾದರೆ ಎನ್‌ವಿಡಿಯಾ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಕಾನ್ಫಿಗರೇಶನ್‌ನಲ್ಲಿ ಅಡ್ವಾನ್ಸ್‌ಡ್ ಒತ್ತಿ, 'ಫೋರ್ಸ್ ಫುಲ್ ಕಾಂಪೊಸಿಶನ್ ಪೈಪ್‌ಲೈನ್'ಗೆ ಟಿಕ್ ಹಾಕಿ.

ಛತ್ರದ ಎಲ್‌ಇಡಿ ವಾಲ್

ಮನೆಯಲ್ಲಿ ಎಲ್ಲ ಸರಿಮಾಡಿಕೊಂಡ ಮೇಲೂ ಒಂದು ಸಲ ಆರತಕ್ಷತೆಯಲ್ಲಿ ತೊಂದರೆಯಾಯಿತು. ಹುಡುಗ ಹುಡುಗಿಯ ಪ್ರೀ ವೆಡ್ಡಿಂಗ್ ಹಾಡು ದೊಡ್ಡ ಎಲ್‌ಇಡಿ ವಾಲ್ ಮೇಲೆ ಓಡುತ್ತಿತ್ತು. ಕೋಟೆಯ ಬಾಗಿಲಿನಿಂದ ಇಬ್ಬರೂ ನಡೆದು ಬರುವ ಶಾಟ್. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ, ವಾಲ್ ಮೇಲೆ ಬಾಗಿಲ ಕಂಬ ಎರಡು ತುಂಡು. ಊರೆಲ್ಲ ಕೂತು ನೋಡುತ್ತಿದ್ದರು. ಹುಡುಗಿಯ ತಾಯಿ ನನ್ನ ಕಡೆ ತಿರುಗಿ ನೋಡಿದ್ದು ನನಗೆ ಇನ್ನೂ ನೆನಪಿದೆ.

ಕಾರಣ ಡುಪ್ಲಿಕೇಟ್ ಮೋಡ್. ಲ್ಯಾಪ್‌ಟಾಪ್ ಪರದೆಗೂ ವಾಲ್‌ಗೂ ಒಂದೇ ಚಿತ್ರ ಹೋಗುವಾಗ ಎರಡರ ತಾಳ ಒಂದೇ ಇರುವುದಿಲ್ಲ. ಒಂದರ ಬಿಡುವಿಗೆ ಕಾದರೆ ಇನ್ನೊಂದು ನಡು ಪುಟದಲ್ಲಿರುತ್ತದೆ. ಕಾರ್ಡ್ ಲ್ಯಾಪ್‌ಟಾಪ್ ಪರದೆಗೆ ಕಾಯುತ್ತಿತ್ತು, ವಾಲ್ ಹರಿಯುತ್ತಿತ್ತು. ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ, ಪ್ಲೇಯರನ್ನು ವಾಲ್ ಇರುವ ಕಡೆಗೆ ಎಳೆದು ಅಲ್ಲಿ ಫುಲ್ ಸ್ಕ್ರೀನ್ ಮಾಡಿ. ಇಲ್ಲವೇ 'ಸೆಕೆಂಡ್ ಸ್ಕ್ರೀನ್ ಓನ್ಲಿ' ಆರಿಸಿ. ಪ್ರೊಜೆಕ್ಟರ್‌ಗೂ ಇದೇ ಮಾತು. ಎಕ್ಸ್‌ಟೆಂಡ್‌ನಲ್ಲಿ ಇನ್ನೊಂದು ಲಾಭವಿದೆ, ನೀವು ಮುಂದಿನ ಫೈಲ್ ಹುಡುಕುವುದು ಮಂದಿಗೆ ಕಾಣುವುದಿಲ್ಲ.

ಎಕ್ಸ್‌ಟೆಂಡ್ ಮಾಡಿದ ಮೇಲೆ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ವಾಲ್‌ನ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. ವಾಲ್ ನಡೆಸುವ ಹುಡುಗನ ಪ್ರೊಸೆಸರ್, ಅಂದರೆ ವಾಲ್‌ಗೆ ಚಿತ್ರ ಹಂಚುವ ಪೆಟ್ಟಿಗೆ, 60ಕ್ಕೆ ಇದ್ದರೆ ನೀವೂ 60, ಅವನು 50 ಅಂದರೆ ನೀವೂ 50. ಅವನನ್ನೇ ಕೇಳಿ, ಹೇಳುತ್ತಾನೆ. ಕಡಿತ ಯಾವಾಗಲೂ ಎರಡು ಎಲ್‌ಇಡಿ ಪೆಟ್ಟಿಗೆ ಕೂಡುವ ಜಾಗದಲ್ಲೇ, ಒಂದಿಷ್ಟೂ ಅಲುಗದೆ ಇದ್ದರೆ ಅದು ವಾಲ್‌ನ ಒಳಗಿನ ತೊಂದರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನು ಒತ್ತಿದರೂ ಹೋಗುವುದಿಲ್ಲ, ಅವರೇ ಕೇಬಲ್, ಕಾರ್ಡ್ ನೋಡಬೇಕು.

ಈಗ ಛತ್ರಕ್ಕೆ ಹೋದರೆ ಹೂವಿನವರು ಇನ್ನೂ ಸ್ಟೇಜ್ ಕಟ್ಟುತ್ತಿರುವಾಗಲೇ ನಾನು ಲ್ಯಾಪ್‌ಟಾಪ್ ಚುಚ್ಚಿ ಬಿಳಿ ಕಂಬದ ಫೈಲ್ ಹಾಕುತ್ತೇನೆ. ವಾಲ್ ತುಂಬ ಕಂಬ ಅರ್ಧ ನಿಮಿಷ ಆ ಕಡೆಯಿಂದ ಈ ಕಡೆ ಓಡುತ್ತದೆ. ಹತ್ತಿರದಿಂದ ಒಂದು ಸಲ, ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಒಂದು ಸಲ ನೋಡುತ್ತೇನೆ. ಒಂದೇ ತುಂಡಾಗಿ ಓಡಿದರೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗುತ್ತೇನೆ.